ಕಾಲು ಸುತ್ತಳತೆಯ ಸಾಹೇಬರು

ದಾಂಡೇಲಿ, ಯಲ್ಲಾಪುರದ ಕಡೆಯ ನಾಟಾ ಡಿಪೋಗಳಲ್ಲಿ ಆಯುಷ್ಯ ಸವೆಸಿದ ಅಳತೆ ಸಾಹೇಬರನ್ನು ಗುರುತಿಸುವುದು ಸುಲಭ. ದೇವಸ್ಥಾನದಲ್ಲಿ ಎಲ್ಲರೂ ಗರ್ಭಗುಡಿಯತ್ತ ಕೈಮುಗಿದಿದ್ದರೆ ಇವರು ಮಂಟಪದ ಮರದ ಕಂಬವನ್ನು ತಬ್ಬಿಕೊಂಡಿರುತ್ತಾರೆ. ಭಕ್ತಿಯೆಂದು ಭ್ರಮಿಸಬೇಡಿ, ಅದು ಸುತ್ತಳತೆ.

ದಿಮ್ಮಿಯ ನಡುವಿಗೆ ಟೇಪು ಸುತ್ತು, ಬಂದದ್ದನ್ನು ನಾಲ್ಕು ಪಾಲು ಮಾಡು, ಒಂದು ಪಾಲನ್ನು ಅದರಿಂದಲೇ ಗುಣಿಸಿ ಉದ್ದಕ್ಕೆ ಹಚ್ಚು. ಅವರ ಗಾಯತ್ರಿ ಇಷ್ಟೇ. 160 ಸೆಂ.ಮೀ. ಸುತ್ತಳತೆಯ, 4 ಮೀಟರ್ ಉದ್ದದ ತೇಗ ಎನ್ನಿ. ವೀಳ್ಯದೆಲೆಗೆ ಸುಣ್ಣ ಸವರಿ ಮುಗಿಯುವುದರೊಳಗೆ ‘0.64 ಘನ ಮೀಟರ್’ ಎಂದಿರುತ್ತಾರೆ. ಹೈಸ್ಕೂಲಿನ ಮೊಮ್ಮಗಳು ವೃತ್ತದ ಸೂತ್ರ ಹಾಕಿ, ‘0.81 ಬರ್ತದಲ್ಲ ಅಜ್ಜ’ ಅಂದಳೋ, ಕೆಟ್ಟಳು. ಹುಡುಗಿಯ ಲೆಕ್ಕವೇ ಸರಿ. ಅಜ್ಜನದು 1736ರಲ್ಲಿ ಕೋಷ್ಟಕ ಅಚ್ಚು ಹಾಕಿಸಿದ ಹಾಪಸ್ ಎಂಬ ಇಂಗ್ಲಿಷರವನ ಹೆಸರಿನ ಲೆಕ್ಕ. ಉರುಟು ಮರವನ್ನು ಚೌಕವೆಂದು ನಂಬಿ ನೂರಕ್ಕೆ 21.5 ಪಾಲನ್ನು ಗಾಳಿಗೆ ಬಿಡುತ್ತದೆ. ‘ನಿನ್ನ ಪೈ ಪುಸ್ತಕದಲ್ಲೇ ಇರಲಿ. ಗರಗಸ ತಿನ್ನೋದು, ಅಂಚು ಚೆಕ್ಕೆಯಾಗಿ ಹೋಗೋದು ಯಾರ ಲೆಕ್ಕಕ್ಕೆ?’ ಎನ್ನುತ್ತಾರೆ. ಅದೂ ಸರಿಯೇ, ಏನು ಮಾಡೋಣ!

ಅಳತೆ ಯಾರಾದರೂ ಕಲಿತಾರು. ದರ್ಜೆ ಕಟ್ಟುವುದು ಹಾಗಲ್ಲ. ಸಾಹೇಬರು ದಿಮ್ಮಿಯ ಕಡಿದ ತುದಿಗೆ ಮುಖವೊಡ್ಡಿ ಚೇಗು ಎಷ್ಟು, ಬಿಳಿ ಅಂಚು ಎಷ್ಟು, ಬಿರುಕು ನಡುವಿನಿಂದ ಹೊರಟಿದೆಯೋ ಉಂಗುರದ ಗುಂಟ ಸುತ್ತಿದೆಯೋ ನೋಡುತ್ತಾರೆ. ಮೂಸುತ್ತಾರೆ. ಆಮೇಲೆ ಸುತ್ತಿಗೆಯ ಒಂದು ಪೆಟ್ಟು. ‘ಠಣ್’ ಎಂದರೆ ಗಟ್ಟಿ, ‘ಧಬ್’ ಎಂದರೆ ಪೊಟರೆ. ಪೊಟರೆಗೆ ಕೆಮ್ಮಣ್ಣು ಮೆತ್ತಿ ತಂದವನಿದ್ದರೆ ಅವನ ಮುಖ ನೋಡಿಯೇ ಹೇಳುತ್ತಾರೆ, ಸುತ್ತಿಗೆ ಬೇಕಿಲ್ಲ.

ವ್ಯಾಪಾರಿಗೆ ಇವರು ಇಲಾಖೆಯ ಪಕ್ಷ, ಇಲಾಖೆಗೆ ವ್ಯಾಪಾರಿಯ ಪಕ್ಷ. ಹರಾಜಿಗೆ ಮುಂಚೆ, ‘ಪೂರಾ ಟೊಳ್ಳು ಸಾಹೇಬ್ರೇ, ಸೌದೆ ಲಾಟಿಗೆ ಹಾಕಿಬಿಡಿ’ ಎಂದು ಗೋಳಾಡಿದವನೇ ಅದೇ ದಿಮ್ಮಿ ಹಿಡಿದ ಮರುದಿನ, ‘ದೇವರ ಬಾಗಿಲಿಗೆ ಹೇಳಿ ಮಾಡಿಸಿದ ಮರ’ ಎಂದು ಗಿರಾಕಿಗೆ ವರ್ಣಿಸುತ್ತಿರುತ್ತಾನೆ. ಹರಾಜು ಕಂಪ್ಯೂಟರಿಗೆ ಹೋದ ಮೇಲೂ ಈ ಗೋಳು ನಿಂತಿಲ್ಲ. ಮರ ನೋಡಲು ಡಿಪೋಕ್ಕೇ ಬರಬೇಕಲ್ಲ!

ಶಿವಮೊಗ್ಗದ ಗಂಧದ ಕೋಠಿಯಲ್ಲಿ ದುಡಿದವರು ಸಿಕ್ಕರೆ ಮಾತ್ರ ಸಾಹೇಬರ ಗತ್ತು ಇಳಿಯುತ್ತದೆ. ಮೈಸೂರಿನ ಹಳೆಯ ಪದ್ಧತಿಯಲ್ಲಿ ಶ್ರೀಗಂಧಕ್ಕೆ 18 ದರ್ಜೆ: ಮೇಲೆ ವಿಲಾಯತ್ ಬುದ್ಧ, ಆಮೇಲೆ ಚೈನಾ ಬುದ್ಧ, ಪಂಜಂ... ಹೀಗೆ ಇಳಿಯುತ್ತ ಬಂದರೆ ಗರಗಸದ ಪುಡಿಯೂ ಒಂದು ದರ್ಜೆ. ಅದಕ್ಕೆ ಟೇಪೂ ಇಲ್ಲ, ತೂಕ. ಪುಡಿಗೂ ಅಂತಸ್ತು ಕೊಟ್ಟವರ ಮುಂದೆ ಬಾಯಿ ಬಿಡುವುದೆಂತು?

ಇಂಥವರನ್ನು ಸಂಬಂಧ ನೋಡಲು ಕರೆದೊಯ್ದವರ ಪಾಡು ಕೇಳಬೇಡಿ. ಉಳಿದವರು ಹುಡುಗನ ಸಂಬಳ ಕೇಳುತ್ತಿರುತ್ತಾರೆ. ಇವರು ಹೊರಗೆ ಹೊಸ್ತಿಲಿನ ಮೂಲೆ ಉಗುರಿನಿಂದ ಕೆರೆಯುತ್ತಿರುತ್ತಾರೆ. ಅವಲಕ್ಕಿ ತಿಂದು ದಾರಿಗಿಳಿದ ಮೇಲೆ ತೀರ್ಪು: ‘ಬಾಗಿಲು ಬೀಟೆಯದ್ದು ಅಂದ್ರಲ್ಲ, ಮತ್ತಿಗೆ ಬಣ್ಣ ಬಳಿದಿದ್ದಾರೆ. ಸಂಬಳದಲ್ಲೂ ಕಾಲು ಭಾಗ ಕಳೆದುಕೊಳ್ಳಿ.’ ಆಮೇಲೆ ವಿಚಾರಿಸಿದರೆ ಅವರು ಕಳೆದದ್ದು ಕಡಿಮೆಯೇ ಆಗಿರುತ್ತದೆ.

ನಿಮ್ಮಲ್ಲಿಗೂ ಬಂದಾರು. ಬಂದರೆ ಕೂರಿಸಿ, ಚಹಾ ಕೊಡಿ. ಮಂಚ ಸಾಗುವಾನಿಯದ್ದು ಎಂದು ಮಾತ್ರ ನೀವಾಗಿ ಹೇಳಲು ಹೋಗಬೇಡಿ.