ಲೇಪನರಾಯರ ಹೊಸ ಕಾರು

ಬೆಂಗಳೂರಿನ ಬಸವನಗುಡಿಯ ಅಡ್ಡರಸ್ತೆಗಳಲ್ಲಿ, ಮಲ್ಲೇಶ್ವರದ ಕ್ರಾಸುಗಳಲ್ಲಿ, ಚಾಮರಾಜಪೇಟೆಯ ಮೇನ್ ರೋಡುಗಳಲ್ಲಿ ಬೆಳಿಗ್ಗೆ ಆರೂವರೆಗೆ ಹಾದುಹೋದರೆ ಒಬ್ಬ ಗೃಹಸ್ಥರು ಖಂಡಿತ ಕಣ್ಣಿಗೆ ಬೀಳುತ್ತಾರೆ. ಮೈಮೇಲೆ ಬನಿಯನ್ನು, ಮಡಚಿ ಕಟ್ಟಿದ ಪಂಚೆ, ಕೈಯಲ್ಲಿ ಮೈಕ್ರೋಫೈಬರ್ ಬಟ್ಟೆ. ತಮ್ಮ ಸ್ನಾನ ಇನ್ನೂ ಆಗಿಲ್ಲ, ಕಾರಿನದು ಆಗಿದೆ. ಇವರ ನಿಜನಾಮ ಮನೆಗೊಂದು ಇದ್ದೀತು. ಅನುಕೂಲಕ್ಕೆ ಲೇಪನರಾಯರು ಎನ್ನೋಣ. ಬ್ಯಾಂಕಿನಿಂದಲೋ ಎಲ್‌ಐಸಿಯಿಂದಲೋ ನಿವೃತ್ತರಾದವರು, ಇಲ್ಲವೇ ನಿವೃತ್ತಿಗೆ ನಾಲ್ಕಾರು ವರ್ಷ ಬಾಕಿ ಇರುವವರು. ನೋಡಿದವರು ಇವರಿಗೆ ಕಾರಿನ ಹುಚ್ಚು ಎಂದುಬಿಡುತ್ತಾರೆ. ಅವಸರದ ತೀರ್ಮಾನ. ಕಾರಿನ ಹುಚ್ಚು ಇರುವವರು ಕಾರು ಓಡಿಸುತ್ತಾರೆ. ಬುಕಿಂಗ್ ಮಾಡಿದ ದಿನದಿಂದ ರಾಯರು ನಡೆದುಕೊಂಡ ರೀತಿಯನ್ನು ಒಂದೊಂದಾಗಿ ಜೋಡಿಸಿ ನೋಡಿದರೆ ಬೇರೆಯದೇ ಒಂದು ಸತ್ಯ ಹೊರಬೀಳುತ್ತದೆ. ಅವರು ಕಾರು ಕೊಂಡಿರುವುದು ಮುಂದೊಂದು ದಿನ ಅದನ್ನು ತಮ್ಮಿಂದ ಕೊಳ್ಳಲಿರುವ, ಹೆಸರು-ಊರು ಯಾವುದೂ ಗೊತ್ತಿಲ್ಲದ, ಎರಡನೇ ಮಾಲೀಕರಿಗಾಗಿ. ಆ ಪುಣ್ಯಾತ್ಮರು ದಯಮಾಡಿಸುವವರೆಗೆ ರಾಯರು ಆ ಸ್ವತ್ತಿನ ಧರ್ಮದರ್ಶಿ ಮಾತ್ರ.

ಮೊದಲ ಸಾಕ್ಷ್ಯ ಬಣ್ಣದ್ದು. ಬಣ್ಣ ಆರಿಸಲು ಮನೆಯಲ್ಲಿ ಸಭೆ ಸೇರುತ್ತದೆ. ನ್ಯೂಜೆರ್ಸಿಯ ಮಗಳು ವಾಟ್ಸಾಪಿನಲ್ಲಿ ಮುಖ ತೋರಿಸಿ ಕೆಂಪು ಎನ್ನುತ್ತಾಳೆ. ಮಗನಿಗೆ ಕಪ್ಪು ಬೇಕು. ಮನೆಯಾಕೆ ಮಾತ್ರ, 'ಆ ನೀಲಿ ಎಷ್ಟು ಚೆನ್ನಾಗಿದೆ ನೋಡಿ' ಎಂದು ಮೂರು ಸಲ ಹೇಳುತ್ತಾರೆ. ರಾಯರು ಎಲ್ಲರ ಅಹವಾಲನ್ನೂ ತಾಳ್ಮೆಯಿಂದ ಕೇಳಿ ಬಿಳಿಯನ್ನು ಬುಕ್ ಮಾಡಿ ಬರುತ್ತಾರೆ. ಕೆಂಪು ಬಿಸಿಲಿಗೆ ಮಂಕಾಗುತ್ತದೆ, ಕಪ್ಪಿಗೆ ಶನಿಯ ಸಂಬಂಧವಿದೆ, ಸಾಲದ್ದಕ್ಕೆ ಒಂದೊಂದು ಗೀರೂ ಎದ್ದು ಕಾಣುತ್ತದೆ. ನೀಲಿಯ ದೋಷವೇನೆಂದರೆ, 'ಮಾರೋವಾಗ ಕೇಳೋರಿರಲ್ಲ.' ಗುಟ್ಟು ರಟ್ಟಾಗುವುದು ಈ ಕೊನೆಯ ಮಾತಿನಲ್ಲಿ. ಬಿಳಿಯ ಪರವಾಗಿ ಒಳ್ಳೆಯ ವಾದಗಳಿಲ್ಲವೆಂದಲ್ಲ: ಬಿಸಿಲಿನಲ್ಲಿ ಕಡಿಮೆ ಕಾಯುತ್ತದೆ, ಸಣ್ಣ ಗೀರುಗಳನ್ನು ಬಚ್ಚಿಡುತ್ತದೆ, ರಾತ್ರಿ ದೂರಕ್ಕೆ ಕಾಣುತ್ತದೆ, ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಬಣ್ಣವೂ ಅದೇ. ರಾಯರು ಇವನ್ನೆಲ್ಲ ಹೇಳುವುದು ಬುಕಿಂಗ್ ಆದ ಮೇಲೆ. ಕಂಪನಿಗಳು ಆರ್ಕ್ಟಿಕ್, ಪೋಲಾರ್ ಎಂದು ಹಿಮಪ್ರದೇಶದ ನಾಮಕರಣ ಮಾಡಿ ಆ ಬಿಳಿಯನ್ನು ಗಾಂಧಿಬಜಾರಿನ ಧೂಳಿಗೆ ಕಳಿಸಿಕೊಡುತ್ತವೆ. ಹೆನ್ರಿ ಫೋರ್ಡ್ 1914ರಿಂದ 1925ರವರೆಗೆ ತನ್ನ ಮಾಡೆಲ್ ಟಿ ಕಾರನ್ನು ಕಪ್ಪಿನಲ್ಲಷ್ಟೇ ಮಾರಿದ. ಆ ಗಿರಾಕಿಗಳಿಗೆ ಬೇರೆ ದಾರಿ ಇರಲಿಲ್ಲ. ರಾಯರ ಮುಂದೆ ಎಂಟು ಬಣ್ಣಗಳ ಪುಸ್ತಕವೇ ತೆರೆದಿತ್ತು, ಮನೆಯ ಮೂವರಿಗೆ ಮೂರು ಆಸೆಗಳಿದ್ದವು. ಗೆದ್ದದ್ದು ಸಭೆಗೆ ಬಾರದಿದ್ದ ನಾಲ್ಕನೆಯವರ ಮತ.

ಎರಡನೇ ಸಾಕ್ಷ್ಯ ಲೇಪನದ್ದು. ಶೋರೂಮಿನವರು ಕೊಡುವ ಆನ್‌ರೋಡ್ ಬೆಲೆಯ ಚೀಟಿಯ ತಳದಲ್ಲಿ ಒಂದು ಸಾಲು ಇರುತ್ತದೆ. ಹಿಂದೆ ಅಲ್ಲಿ ಟೆಫ್ಲಾನ್ ಎಂದಿರುತ್ತಿತ್ತು, ಈಗ ಸಿರಾಮಿಕ್ ಎಂದಿರುತ್ತದೆ. ಟೆಫ್ಲಾನ್ 1938ರಲ್ಲಿ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಕೊಂಡ ವಸ್ತು. ಯಾವುದಕ್ಕೂ ಅಂಟದಿರುವುದೇ ಅದರ ಗುಣ. ದೋಸೆಯ ತವೆಯ ಮೇಲೆ ಅದನ್ನು ಕೂರಿಸಬೇಕಾದರೆ ಮುನ್ನೂರು ಡಿಗ್ರಿ ದಾಟಿ ಕಾಯಿಸಬೇಕು. ಬಾನೆಟ್ಟನ್ನು ಹಾಗೆ ಕಾಯಿಸಿದರೆ ಬಣ್ಣವೇ ಉಳಿಯದು. ಯಾವುದಕ್ಕೂ ಅಂಟದ ವಸ್ತುವನ್ನು ಕೈಯಲ್ಲಿ ಉಜ್ಜಿ ಕಾರಿಗೆ ಅಂಟಿಸಿಕೊಡುತ್ತೇವೆ ಎಂಬ ಮಾತಿಗೆ ನಮ್ಮ ಊರು ವರ್ಷಗಟ್ಟಲೆ ದುಡ್ಡು ಕೊಟ್ಟಿತು. ಸಿರಾಮಿಕ್ ಅದಕ್ಕಿಂತ ಮರ್ಯಾದಸ್ಥ ಪದಾರ್ಥ. ಸಿಲಿಕಾ ಮೂಲದ ಆ ದ್ರವ ಬಣ್ಣದ ಮೇಲೆ ಗಟ್ಟಿಯಾಗಿ ಕೂರುತ್ತದೆ, ನೀರು ಹನಿಯಾಗಿ ಉರುಳಿಹೋಗುತ್ತದೆ, ಹೊಳಪೂ ನಿಜ. ದಪ್ಪ ಮಾತ್ರ ಒಂದೆರಡು ಮೈಕ್ರಾನ್. ಕಾರ್ಖಾನೆಯಲ್ಲಿ ಬಳಿದ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿ ನೂರು ಮೈಕ್ರಾನಿನ ಆಸುಪಾಸು ಇರುತ್ತದೆ; ತಲೆಗೂದಲಿನ ದಪ್ಪವೇ ಎಪ್ಪತ್ತರ ಹತ್ತಿರ. ಇನ್ನು ರಾಯರು ಅಭಿಮಾನದಿಂದ ಉಚ್ಚರಿಸುವ '9ಎಚ್' ಎಂಬುದು ಪೆನ್ಸಿಲ್ಲಿನ ಅಳತೆ. ಅತಿ ಗಟ್ಟಿ ಪೆನ್ಸಿಲ್ಲಿನಿಂದ ಗೀಚಿದರೂ ಗೆರೆ ಮೂಡುವುದಿಲ್ಲ ಎಂದು ಅದರ ಅರ್ಥ. ಆದ್ದರಿಂದ ಯಾರಾದರೂ ಪೆನ್ಸಿಲ್ ಹಿಡಿದು ಬಂದರೆ ರಾಯರ ಕಾರು ಸುರಕ್ಷಿತ. ಡಿವಿಜಿ ರಸ್ತೆಯಲ್ಲಿ ಬರುವುದಾದರೋ ತಳ್ಳುಗಾಡಿಯ ಕಬ್ಬಿಣದ ಮೂಲೆ, ಸ್ಕೂಟರಿನ ಹ್ಯಾಂಡಲ್, ಆಟೋದ ಬಂಪರ್, ಬಾಗಿಲಿಗೆ ಒರಗಿ ನಿಂತವರ ಸೊಂಟದ ಬೀಗದಕೈ ಗೊಂಚಲು.

ಇದನ್ನು ತಿಳಿದ ಮಗ ಪಿಪಿಎಫ್ ಹಾಕಿಸಿ ಎನ್ನುತ್ತಾನೆ. ಪಾಲಿಯುರಿಥೇನ್‌ನ ಈ ಪಾರದರ್ಶಕ ಹಾಳೆ ನೂರೈವತ್ತರಿಂದ ಇನ್ನೂರು ಮೈಕ್ರಾನ್ ದಪ್ಪದ್ದು. ಕಲ್ಲಿನ ಪೆಟ್ಟನ್ನು ನಿಜವಾಗಿ ತಡೆಯುತ್ತದೆ, ಸಣ್ಣ ಗೀರು ಬಿಸಿಲಿಗೆ ತಾನೇ ಮಾಯುತ್ತದೆ. ಇದರ ಪೂರ್ವಜರು ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಹೆಲಿಕಾಪ್ಟರುಗಳ ರೆಕ್ಕೆಯ ಅಂಚನ್ನು ಮರಳಿನಿಂದ, ಸಿಡಿವ ಚೂರುಗಳಿಂದ ಕಾಪಾಡಿದವರು. ಆ ವಂಶದ ಕುಡಿ ಈಗ ಶನಿವಾರ ಕಾರಂಜಿ ಆಂಜನೇಯನ ಗುಡಿಗೆ, ಭಾನುವಾರ ಬೀಗರ ಮನೆಗೆ ಹೋಗಿಬರುವ ಕಾರಿನ ಮೈಮೇಲಿದೆ. ಇಡೀ ಮೈಗೆ ಹಾಕಿಸಿದರೆ ಖರ್ಚು ಲಕ್ಷದ ಸುತ್ತಮುತ್ತ. ಅಷ್ಟು ಬೆಲೆಯ ಹಾಳೆಗೆ ಗೀರು ಬಿದ್ದರೆ ಗತಿಯೇನು? ಹಾಗಾಗಿ ಹಾಳೆಯ ಮೇಲೆ ಸಿರಾಮಿಕ್ ಬಳಿಸುತ್ತಾರೆ. ಸಿರಾಮಿಕ್‌ನ ಮೇಲೆ ಧೂಳು ಕೂರಬಾರದೆಂದು ಜೆ.ಸಿ. ರಸ್ತೆಯಿಂದ ತಂದ ಬಾಡಿ ಕವರ್ ಹೊದಿಸುತ್ತಾರೆ. ಕವರ್ ಗಾಳಿಗೆ ಅಲುಗಾಡಿದಾಗ ಒಳಗೆ ಸಿಕ್ಕ ಧೂಳೇ ಉಜ್ಜುಕಾಗದದ ಕೆಲಸ ಮಾಡುತ್ತದೆಂದು ಯಾರೋ ಹೇಳಿದ ಮೇಲೆ ಕವರಿನ ಅಡಿಗೆ ಹಳೆಯ ಮೆತ್ತನೆಯ ಬೆಡ್‌ಶೀಟು ಸೇರುತ್ತದೆ. ವಿಮೆಯಲ್ಲೂ ಇದೇ ತರ್ಕ. ಹೆಚ್ಚಿನ ಕಂತು ಕಟ್ಟಿ, ಸವಕಳಿ ಕಳೆಯದೆ ಪರಿಹಾರ ಕೊಡುವ ಝೀರೋ ಡೆಪ್ ಪಾಲಿಸಿ ಮಾಡಿಸಿರುತ್ತಾರೆ; ಆದರೆ ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಶೇ. 20, ಐದು ವರ್ಷ ಮಾಡದಿದ್ದರೆ ಶೇ. 50 ರಿಯಾಯಿತಿ ಇರುವುದರಿಂದ ಬಂಪರ್ ಬಿರುಕು ಬಿಟ್ಟರೂ ಕ್ಲೇಮ್ ಮಾಡುವುದಿಲ್ಲ. ಕಾರನ್ನು ಕಾಯಲು ತಂದ ಪ್ರತಿಯೊಂದನ್ನೂ ಕಾಯುವುದಕ್ಕೆ ಇನ್ನೊಂದು ಬೇಕಾಗುತ್ತದೆ. ಹೀಗೆ ಕಾಯುವವರ ಸಾಲಿನ ತುದಿಯಲ್ಲಿ ನಿಂತವರು ಸ್ವತಃ ರಾಯರು.

ದೇವರ ವಿಷಯದಲ್ಲಾದರೂ ರಾಯರು ರಾಜಿಯಾಗುತ್ತಾರೆಯೇ ಎಂದರೆ ಅಲ್ಲೂ ಇಕ್ಕಟ್ಟು. ಡೆಲಿವರಿ ಶುಕ್ರವಾರ, ರಾಹುಕಾಲ ಕಳೆದು. ಅಲ್ಲಿಂದ ನೇರ ಮೈಸೂರು ರಸ್ತೆಯ ಗಾಳಿ ಆಂಜನೇಯನ ಸನ್ನಿಧಿ. ಸಿರಾಮಿಕ್ ಬಳಿದವರು ವಾರದ ಮಟ್ಟಿಗೆ ನೀರು ತಾಗಿಸಬೇಡಿ ಎಂದಿರುತ್ತಾರೆ; ಅರ್ಚಕರ ಕೈಯಲ್ಲಿ ತೀರ್ಥದ ಪಾತ್ರೆ ಇರುತ್ತದೆ. ಬಾನೆಟ್ಟಿನ ಮೇಲೆ ಅರಿಸಿನ ಕುಂಕುಮದ ಸ್ವಸ್ತಿಕ ಬರೆದರೆ ಹಾಳೆಗೆ ಕಲೆ, ಅಕ್ಷತೆ ಹಾಕಿ ಒರೆಸಿದರೆ ಗೀರು. ಕೊನೆಗೆ 'ನಂಬರ್ ಪ್ಲೇಟಿಗೆ ಇಟ್ಟರೆ ಸಾಕು, ಸ್ವಾಮಿ' ಎಂದು ಒಪ್ಪಂದವಾಗುತ್ತದೆ. ಚಕ್ರದಡಿಯ ನಾಲ್ಕು ನಿಂಬೆಹಣ್ಣಿಗೆ ತಕರಾರಿಲ್ಲ, ರಸ ಮೇಲಕ್ಕೆ ಸಿಡಿಯುವುದಿಲ್ಲವೆಂದು ಖಾತ್ರಿಯಾದರೆ. ನೀರಿನ ಕಥೆ ಇನ್ನೂ ಸೊಗಸು. 2024ರ ಮಾರ್ಚಿನಲ್ಲಿ ನೀರಿಗೆ ತತ್ವಾರವಾದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಿತು. ಕಾನೂನು ಮೀರದ ರಾಯರು ಅಡುಗೆಮನೆಯ ಆರ್‌ಓ ಯಂತ್ರ ಹೊರಬಿಡುವ ನೀರನ್ನು ಬಕೆಟ್ಟಿಗೆ ಹಿಡಿದು ಕಾರು ತೊಳೆಯತೊಡಗಿದರು. ಕುಡಿಯುವ ನೀರಿನಿಂದ ಯಂತ್ರ ಬೇರ್ಪಡಿಸಿದ ಲವಣವೆಲ್ಲ ಇರುವುದು ಆ ನೀರಿನಲ್ಲೇ. ಬಿಸಿಲಿಗೆ ಒಣಗಿದಾಗ ಮೈಯೆಲ್ಲ ಚುಕ್ಕೆ ಚುಕ್ಕೆ ಬಿಳಿ ಕಲೆ. ಆ ಕಲೆ ತೆಗೆಸಲು ಪಾಲಿಶ್. ಪಾಲಿಶ್ ಮಾಡಿದರೆ ಸಿರಾಮಿಕ್ ಸವೆದು ಹೋಗುತ್ತದೆ, ಮತ್ತೆ ಬಳಿಸಬೇಕು.

ಇಲ್ಲಿಗೆ ರಾಯರ ಪರ ವಕೀಲರು ಎದ್ದು ನಿಲ್ಲಬಹುದು. ಈ ಹಳೆಯ ಬಡಾವಣೆಗಳಲ್ಲಿ ಬಣ್ಣಕ್ಕೆ ಶತ್ರುಗಳಿಲ್ಲವೇ? ಇದ್ದಾರೆ, ತಲೆಯ ಮೇಲೇ ಇದ್ದಾರೆ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಎಂದು ಮರಗಳ ಹೆಸರಿಟ್ಟುಕೊಂಡ ಊರಿದು. ಹೊಂಗೆ ಹೂವು ಉದುರಿಸುತ್ತದೆ, ಮಾವು ಅಂಟು ಸುರಿಸುತ್ತದೆ, ಕಾಗೆ ಪಾರಿವಾಳಗಳಿಗೆ ಬಿಳಿ ಕಾರಿನ ಮೇಲೆ ವಿಶೇಷ ಪ್ರೀತಿ. ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಮೇಲಿರುವ ಊರಿನ ಬಿಸಿಲಿನಲ್ಲಿ ನೇರಳಾತೀತ ಕಿರಣಗಳ ಪಾಲು ಕರಾವಳಿಗಿಂತ ಹೆಚ್ಚೇ. ಇದೆಲ್ಲ ಒಪ್ಪಿದ ಮಾತು. ಆದರೆ ಹಕ್ಕಿಯ ಹಿಕ್ಕೆ ಬಣ್ಣ ಕೆಡಿಸುವ ಬಗೆಯನ್ನು ಗಮನಿಸಿ. ಬಿಸಿಲಿಗೆ ಬಣ್ಣದ ಮೇಲ್ಪದರ ಮೆತ್ತಗಾಗಿ ಹಿಗ್ಗುತ್ತದೆ, ಅದೇ ಹೊತ್ತಿಗೆ ಹಿಕ್ಕೆ ಒಣಗಿ ಗಟ್ಟಿಯಾಗುತ್ತದೆ. ಸಂಜೆ ತಂಪಾದಾಗ ಪದರ ಆ ಗಟ್ಟಿ ಗಂಟಿನ ಸುತ್ತ ಕುಗ್ಗಿ ಅದರ ಅಚ್ಚು ಹಿಡಿದುಬಿಡುತ್ತದೆ. ಎಂದರೆ ಇಲ್ಲಿ ಮುಖ್ಯವಾದದ್ದು ಸಮಯ. ಅದೇ ದಿನ ಒದ್ದೆಬಟ್ಟೆ ಹಾಕಿ ನೆನೆಸಿ ಎತ್ತಿದರೆ ಮುಗಿಯಿತು. ಸಾವಿರಾರು ರೂಪಾಯಿಯ ಲೇಪನ ಬಳಿದವರೂ ಕೊನೆಯಲ್ಲಿ ಕೊಡುವ ಉಪದೇಶ ಇದೇ: ಬೇಗ ಒರೆಸಿ. ಒದ್ದೆಬಟ್ಟೆಯೇ ಕೊನೆಯ ಮದ್ದಾದರೆ ಅದನ್ನೇ ಮೊದಲ ಮದ್ದು ಮಾಡಿಕೊಳ್ಳಲು ಏನಡ್ಡಿ?

ಎರಡನೇ ಆಕ್ಷೇಪ ಲೆಕ್ಕದ್ದು: ಎರಡನೇ ಮಾಲೀಕರಿಗಾಗಿ ಕಾಪಾಡಿದರೂ ಹೆಚ್ಚಿನ ಬೆಲೆ ಬರುವುದು ರಾಯರ ಜೇಬಿಗೇ ಅಲ್ಲವೇ? ಕೇಳಲು ಹಿತವಾಗಿದೆ, ಕೂಡಿ ಕಳೆದರೆ ನಿಲ್ಲುವುದಿಲ್ಲ. ವಿಮಾ ಕಂಪನಿಗಳ ಪಟ್ಟಿಯಲ್ಲಿ ಕಾರಿನ ಮೌಲ್ಯದಿಂದ ಒಂದು ವರ್ಷದೊಳಗೆ ಶೇ. 15, ಐದನೇ ವರ್ಷಕ್ಕೆ ಶೇ. 50 ಕಳೆಯುತ್ತಾರೆ; ಬಾನೆಟ್ಟು ಎಷ್ಟು ಹೊಳೆಯುತ್ತದೆ ಎಂಬುದಕ್ಕೆ ಆ ಪಟ್ಟಿಯಲ್ಲಿ ಅಂಕಣವೇ ಇಲ್ಲ. ಹಳೆಯ ಕಾರು ಕೊಳ್ಳುವವರು ಕೇಳುವುದು ಎಷ್ಟು ಕಿಲೋಮೀಟರ್, ಎಷ್ಟನೇ ಮಾಲೀಕರು, ಸರ್ವಿಸ್ ದಾಖಲೆ ಇದೆಯೇ, ಅಪಘಾತವಾಗಿದೆಯೇ ಎಂದು. ಈ ಕೊನೆಯ ಪ್ರಶ್ನೆಗೆ ಉತ್ತರ ಪಡೆಯಲು ಅವರು ಬಣ್ಣದ ದಪ್ಪ ಅಳೆಯುವ ಮೀಟರ್ ತರುತ್ತಾರೆ. ನೂರು ಮೈಕ್ರಾನ್ ತೋರಿಸಬೇಕಾದ ಜಾಗ ಹಾಳೆಯ ದೆಸೆಯಿಂದ ಇನ್ನೂರೈವತ್ತು, ಮುನ್ನೂರು ತೋರಿಸುತ್ತದೆ. 'ಎಲ್ಲಾ ರೀಪೇಂಟ್ ಆಗಿದೆಯಲ್ಲ ಸಾರ್' ಎನ್ನುತ್ತಾರೆ ಅವರು. ಯಾರ ಸಲುವಾಗಿ ಇಷ್ಟು ವರ್ಷ ವ್ರತ ಹಿಡಿದರೋ ಆ ಎರಡನೇ ಮಾಲೀಕರೇ ಬಂದು ರಾಯರನ್ನು ಅನುಮಾನಿಸುತ್ತಾರೆ. ಅದೂ ಅವರು ಬಂದರೆ. ರಾಯರ ಪೈಕಿ ಬಹುಪಾಲು ಜನ ಕಾರು ಮಾರುವವರೇ ಅಲ್ಲ. ಆರ್‌ಸಿಯ 15 ವರ್ಷದ ಅವಧಿ ಮುಗಿದಾಗ ನವೀಕರಣಕ್ಕೆ ಆರ್‌ಟಿಓ ಕಚೇರಿಯ ಸಾಲಿನಲ್ಲಿ ನಿಲ್ಲುವವರು. ಅಷ್ಟರಲ್ಲಿ ಹಾಳೆಯ ವಾರಂಟಿ ಮುಗಿದು, ಅಂಚು ಹಳದಿಯಾಗಿ, ಅದನ್ನು ಕೀಳಿಸಲು ಬೇರೆ ಕೂಲಿ ಕೊಟ್ಟಿರುತ್ತಾರೆ.

ಮೂರನೆಯದು ವಾದಕ್ಕಿಂತ ಹೆಚ್ಚಾಗಿ ಮರುಕದ ಮಾತು. ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ಅದಕ್ಕೆ ಮುಂಚೆ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಬಿಟ್ಟರೆ ಹೆಚ್ಚಿನ ಆಯ್ಕೆಯಿಲ್ಲ. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಬೀದಿಗೊಂದು ಕಾರು ಇದ್ದ ಕಾಲದಲ್ಲಿ ಬೆಳೆದವರು ಕಾರನ್ನು ಮುಟ್ಟಿ ಮುಟ್ಟಿ ನೋಡಿದರೆ ನಗಬಾರದು, ನಿಜ. ಆದರೆ ಅದೇ ಕಾಲದ ಜನ ಅದೇ ಅಂಬಾಸಡರಿನಲ್ಲಿ ಮುಂದೆ ನಾಲ್ಕು, ಹಿಂದೆ ಆರು ಮಂದಿಯನ್ನು ತುಂಬಿಕೊಂಡು, ಮೇಲೆ ಹೋಲ್ಡಾಲು ಕಟ್ಟಿಕೊಂಡು ಧರ್ಮಸ್ಥಳ, ಸುಬ್ರಹ್ಮಣ್ಯ ಸುತ್ತಿಬಂದರು. ಅಭಾವ ಅವರಿಗೆ ವಸ್ತುವಿನ ಬೆಲೆ ಕಲಿಸಿತ್ತು, ಬಳಸುವುದನ್ನು ಮರೆಸಿರಲಿಲ್ಲ. 'ಅವರ ದುಡ್ಡು, ಅವರ ಕಾರು, ನಿಮಗೇನು?' ಎಂಬುದು ಉಳಿದ ಕೊನೆಯ ಬಾಣ. ದುಡ್ಡು ಅವರದೇ, ಕಾರೂ ಅವರದೇ. ನಿಂತಿರುವ ಜಾಗ ಮಾತ್ರ ಊರಿನದು. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರ ಅದೇ ದಶಕದ ಬಡಾವಣೆಗಳು. ಹಿತ್ತಿಲು, ಬಾವಿ, ಕನ್ಸರ್ವೆನ್ಸಿ ಗಲ್ಲಿಗಳಿಗೆಲ್ಲ ಜಾಗ ಬಿಟ್ಟ ಯೋಜಕರ ಕನಸಿನಲ್ಲೂ ಕಾರು ಇರಲಿಲ್ಲ. ಹಾಗಾಗಿ ರಾಯರ ಕಾರು ಮುಸುಕು ಹೊದ್ದು ಬೀದಿಯಲ್ಲಿ ಮಲಗಿದೆ. ಹೊರಗೆ ತೆಗೆದ ದಿನ ಜಾಗ ಕೈತಪ್ಪಬಾರದೆಂದು ಎರಡು ಹೂಕುಂಡ, ಒಂದು ಕಲ್ಲು ಕಾವಲಿಗೆ ನಿಲ್ಲುತ್ತವೆ. ಆ ಜಾಗ ಹೋದೀತೆಂಬ ಭಯಕ್ಕೆ ರಾಯರು ಗಾಂಧಿಬಜಾರಿಗೆ ಆಟೋದಲ್ಲಿ ಹೋಗುತ್ತಾರೆ.

ಹೀಗೆ ಎಲ್ಲ ಸಾಕ್ಷ್ಯ, ಎಲ್ಲ ಆಕ್ಷೇಪ ಕೇಳಿದ ಮೇಲೆ ಕೊಡಬಹುದಾದ ತೀರ್ಪು ಸರಳ. ಲೇಪನಗಳೆಲ್ಲ ಮೋಸವೆಂದಲ್ಲ, ಒಂದೊಂದಕ್ಕೂ ಒಂದು ಮಿತಿಯ ಕೆಲಸವಿದೆ. ಹೆದ್ದಾರಿಯಲ್ಲಿ ಹೆಚ್ಚು ಓಡಾಡುವವರು ಮುಂದಿನ ಬಂಪರ್, ಬಾನೆಟ್ಟಿನ ಅಂಚಿಗಷ್ಟೇ ಹಾಳೆ ಹಾಕಿಸಿದರೆ ಸಾರ್ಥಕ. ತೊಳೆಯಲು ಬೇಸರಪಡುವವರಿಗೆ ಸಿರಾಮಿಕ್ ಸ್ವಲ್ಪ ಶ್ರಮ ಉಳಿಸುತ್ತದೆ. ಉಳಿದವರಿಗೆ ನೆರಳು, ಒದ್ದೆಬಟ್ಟೆ, ಆರು ತಿಂಗಳಿಗೊಮ್ಮೆ ಒಂದು ಡಬ್ಬಿ ವ್ಯಾಕ್ಸ್ ಧಾರಾಳವಾಯಿತು. ಇವಕ್ಕಿಂತ ಮೇಲೆ ಸುರಿಯುವ ಹಣವೆಲ್ಲ ರಾಯರ ಮನಸ್ಸಿನ ಮೇಲೆ ಬಳಿಯುವ ಲೇಪನ. ಅದು ಎಷ್ಟು ದಪ್ಪವಾದರೂ ಮೊದಲ ಗೀರು ಬೀಳುವವರೆಗೆ ಮಾತ್ರ. ಆದ್ದರಿಂದ ಹೊಸ ಕಾರು ಬುಕ್ ಮಾಡಹೊರಟ ಓದುಗರಲ್ಲಿ ಒಂದೇ ವಿನಂತಿ. ಮನೆಯಾಕೆ ಮೂರು ಸಲ ನೀಲಿ ಎಂದಿದ್ದರೆ ನೀಲಿಯನ್ನೇ ತನ್ನಿ. ಚೀಟಿಯ ತಳದ ಸಾಲನ್ನು ಹೊಡೆದುಹಾಕಿಸಿ, ಉಳಿದ ದುಡ್ಡಿಗೆ ಪೆಟ್ರೋಲ್ ಹಾಕಿಸಿ.