ದೈತ್ಯಜಾಗರಣ ಮೀಮಾಂಸೆ

ಆಕಾಶದಿಂದ ಏನಾದರೂ ಬಿದ್ದರೆ ಭೂಗರ್ಭದಲ್ಲಿ ಮಲಗಿರುವ ದೈತ್ಯರು ಎದ್ದು ಕೂರುತ್ತಾರೆಂಬುದು ಪೂರ್ವಪಕ್ಷ. ಅದರ ಪ್ರಮಾಣ 1964ರ ಜಪಾನಿ ಚಿತ್ರವೊಂದು: ಬೆಟ್ಟದ ಕಣಿವೆಗೆ ಉಲ್ಕೆ ಬಿತ್ತು, ಅದರೊಳಗಿಂದ ಮೂರು ತಲೆಯ ಗಿಡೋರಾ ಹೊರಬಂದ, ಅವನನ್ನು ಓಡಿಸಲು ಗಾಡ್ಜಿಲ್ಲಾ, ರೋಡಾನ್, ಮೊಥ್ರಾ ಒಂದಾಗಬೇಕಾಯಿತು. ತಲೆಗೊಬ್ಬರಂತೆ ಮೂವರು, ಪೂರ್ವಸೂರಿಗಳ ಲೆಕ್ಕದಲ್ಲಿ ದೋಷವಿಲ್ಲ.

ದೋಷವಿರುವುದು ಕಾರ್ಯಕಾರಣದಲ್ಲಿ. 6.6 ಕೋಟಿ ವರ್ಷಗಳ ಹಿಂದೆ ಮೆಕ್ಸಿಕೋದ ಯುಕಟಾನ್ ಬಳಿ ಸುಮಾರು 10 ಕಿ.ಮೀ. ಗಾತ್ರದ ಕಲ್ಲು ಬಿದ್ದಾಗ ಎಚ್ಚರವಾಗಿಯೇ ಇದ್ದ ದೈತ್ಯರೆಲ್ಲ ಮಲಗಿದರು, ಇಂದಿಗೂ ಎದ್ದಿಲ್ಲ. 2013ರಲ್ಲಿ ರಷ್ಯಾದ ಚೆಲ್ಯಾಬಿನ್‌ಸ್ಕ್ ಮೇಲೆ ಉಲ್ಕೆ ಸಿಡಿಯಿತು. ಬೆಳಕೇನೆಂದು ನೋಡಲು ಜನ ಕಿಟಕಿಗೆ ಬಂದು ನಿಂತರು, ಹಿಂದೆಯೇ ಬಂದ ಆಘಾತ ತರಂಗಕ್ಕೆ ಗಾಜು ಪುಡಿಯಾಯಿತು, ಸುಮಾರು 1,500 ಮಂದಿಗೆ ಗಾಯ. ದೈತ್ಯರ ಪೈಕಿ ಹಾಜರಾತಿ ಸೊನ್ನೆ.

ಹಾಗಾದರೆ ಎಬ್ಬಿಸಿದ್ದು ಯಾರು? 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ 15 ಮೆಗಾಟನ್ ಬಾಂಬು ಸಿಡಿಸಿತು. ಲಕ್ಕಿ ಡ್ರ್ಯಾಗನ್ ಎಂಬ ಜಪಾನಿ ಮೀನುಗಾರಿಕಾ ದೋಣಿಯ 23 ಮಂದಿಯ ಮೇಲೆ ಬಿಳಿ ಬೂದಿ ಸುರಿಯಿತು. ಒಬ್ಬರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. (ಇಲ್ಲಿ ಪ್ರಬಂಧಕಾರನಿಗೂ ಅಣಕ ಹೊಳೆಯುವುದಿಲ್ಲ.) ನವೆಂಬರ್ 3ಕ್ಕೆ, ಬಾಂಬು ಪರೀಕ್ಷೆಯಿಂದ ಎಚ್ಚೆತ್ತ ದೈತ್ಯನಾಗಿ ಗಾಡ್ಜಿಲ್ಲಾ ತೆರೆಗೆ ಬಂದ. ಆಕಾಶ ನಿರಪರಾಧಿ ಎಂದು ಇದರಿಂದ ಸಿದ್ಧವಾಯಿತು.

ಆಕ್ಷೇಪ: ಗಾಡ್ಜಿಲ್ಲಾನ ಆ ಕೂಗಾದರೂ ಪ್ರಾಗೈತಿಹಾಸಿಕವಲ್ಲವೆ? ಸಮಾಧಾನ: ಅಲ್ಲ. ಸಂಗೀತಕಾರ ಇಫುಕುಬೆ ಅಕಿರಾ ಅವರ ಸಲಹೆಯಂತೆ, ಡಬಲ್ ಬೇಸ್ ವಾದ್ಯದ ತಂತಿಯನ್ನು ರಾಳ ಬಳಿದ ಚರ್ಮದ ಕೈಗವಸಿನಿಂದ ಉಜ್ಜಿ, ಬಂದ ಸದ್ದನ್ನು ನಿಧಾನಗೊಳಿಸಿ ಪಡೆದದ್ದು. ದೈತ್ಯನ ಹೊಟ್ಟೆಯೊಳಗೆ ಸುಮಾರು ನೂರು ಕಿಲೋ ತೂಕದ ರಬ್ಬರು ವೇಷ ತೊಟ್ಟು ಬೆವರು ಸುರಿಸುತ್ತಿದ್ದವರು ನಕಾಜಿಮಾ ಹರುವೊ. ನಮ್ಮ ಯಕ್ಷಗಾನದ ಬಣ್ಣದ ವೇಷದವರು ಅವರ ಕಷ್ಟವನ್ನು ಬಲ್ಲರು.

ಇನ್ನು ಈ ಪ್ರಬಂಧದ ಮೂಲ ಸಂಶೋಧನೆಯಾದ ಗಾತ್ರಾಧಿಕರಣ. ದೈತ್ಯನ ಎತ್ತರವನ್ನು ನಿರ್ಧರಿಸುವುದು ವಿಕಿರಣವಲ್ಲ, ಕಟ್ಟಡ ನಿಯಮಾವಳಿ. 1954ರಲ್ಲಿ ಟೋಕಿಯೋದ ಕಟ್ಟಡಗಳಿಗೆ 31 ಮೀಟರಿನ ಮಿತಿಯಿತ್ತು. ಗಾಡ್ಜಿಲ್ಲಾ 50 ಮೀಟರಿದ್ದ, ಊರು ಬಹುತೇಕ ಅವನ ಹೆಗಲಿನ ಕೆಳಗೆ. 1960ರ ದಶಕದಲ್ಲಿ ಮಿತಿ ಸಡಿಲವಾಯಿತು, 1968ಕ್ಕೆ 147 ಮೀಟರಿನ ಕಸುಮಿಗಸೆಕಿ ಕಟ್ಟಡ ಎದ್ದಿತು. ಗಾಡ್ಜಿಲ್ಲಾ ಅವಮಾನ ನುಂಗಿಕೊಂಡು 1984ಕ್ಕೆ 80, 1991ಕ್ಕೆ 100 ಮೀಟರಾದ. ಆ ಹೊತ್ತಿಗೆ ಟೋಕಿಯೋ ಮಹಾನಗರ ಸರ್ಕಾರ 243 ಮೀಟರಿನ ಕಚೇರಿ ಕಟ್ಟಿಕೊಂಡಿತ್ತು. ಅವನು ಅದನ್ನೇ ಕೆಡವಿದ್ದು ಕೇವಲ ಹೊಟ್ಟೆಕಿಚ್ಚಿನಿಂದ ಎಂಬುದು ನಮ್ಮ ಮತ.

ತೂಕದ ವಿಚಾರ ಮಾತ್ರ ಅನುಮಾನಾಸ್ಪದ. ಎತ್ತರ ಇಮ್ಮಡಿಯಾದರೆ ತೂಕ ಎಂಟು ಪಟ್ಟಾಗಬೇಕು. ಹೀಗೆ ಬೆಳೆದರೆ ಎಲುಬು ತಾಳಲಾರದೆಂದು ಗೆಲಿಲಿಯೋ 1638ರಲ್ಲೇ ಬರೆದಿದ್ದ. 50 ಮೀಟರಿಗೆ 20,000 ಟನ್ ಇದ್ದವನು 100 ಮೀಟರಿಗೆ 1,60,000 ಟನ್ ತೂಗಬೇಕು. ಅಧಿಕೃತ ದಾಖಲೆಯಲ್ಲಿರುವುದು 60,000. ಮಿಕ್ಕ ಒಂದು ಲಕ್ಷ ಟನ್ ಎಲ್ಲಿ ಹೋಯಿತೆಂದು ಯಾವ ಲೆಕ್ಕಪರಿಶೋಧಕನೂ ಕೇಳಿಲ್ಲ.

ಇಷ್ಟಾದರೂ ಟೋಕಿಯೋದವರು ದೂರು ಕೊಡಲಿಲ್ಲ. 2015ರಲ್ಲಿ ಶಿಂಜುಕು ವಾರ್ಡಿನವರು ಗಾಡ್ಜಿಲ್ಲಾನನ್ನು ವಿಶೇಷ ನಿವಾಸಿಯೆಂದು ಘೋಷಿಸಿ, ಪ್ರವಾಸೋದ್ಯಮ ರಾಯಭಾರಿಯಾಗಿ ನೇಮಿಸಿದರು.