ಬಿಟ್ಟಿ ಬಂದ ಹಬ್ಬು

ನಮ್ಮದು ತಾತನ ಕಾಲದ ಮನೆ, ಒಂದೂವರೆ ಅಡಿ ದಪ್ಪದ ಗೋಡೆ. ಚೈತ್ರದ ಬಿಸಿಲನ್ನೇ ಒಳಗೆ ಬಿಡದ ಗೋಡೆ ವೈಫೈಯನ್ನು ಬಿಟ್ಟೀತೇ? ಕೇಬಲ್ ಎಳೆಸುವುದೆಂದಾಯಿತು. ರೂಟರಿನ ಹಿಂದೆ ಇರುವುದು ನಾಲ್ಕೇ ಪೋರ್ಟು. ಮನೆಯಲ್ಲಿ ಬಾಯಿ ತೆರೆದು ಕೂತ ಯಂತ್ರಗಳು ಅದಕ್ಕಿಂತ ಹೆಚ್ಚು. ಪೋರ್ಟು ಹೆಚ್ಚಿಸಲು ಒಂದು ಸ್ವಿಚ್ಚು ಕೊಳ್ಳೋಣವೆಂದುಕೊಂಡೆ.

ಸುದ್ದಿ ತಿಳಿದ ಭಾವ ಸ್ವಿಚ್ಚಿನ ಬದಲಿಗೆಂದು ಒಂದು ಹಬ್ ಹಿಡಿದುಕೊಂಡೇ ಬಂದರು. ಯಾವುದೋ ಆಫೀಸು ಮುಚ್ಚುವಾಗ ಸಿಕ್ಕಿದ್ದಂತೆ. “ಸ್ವಿಚ್ಚಿಗೆ ಯಾಕಯ್ಯಾ ದುಡ್ಡು ಸುರೀತೀಯ? ಅದರಲ್ಲೂ ಎಂಟು ತೂತು, ಇದರಲ್ಲೂ ಎಂಟು ತೂತು. ದೀಪಾನೂ ಮಿಣಿಮಿಣಿ ಅನ್ನತ್ತೆ.”

ಮಿಣುಕುವುದು ನಿಜ. ಆದರೆ ಹಬ್ಬಿಗೆ ಮಂಡೆ ಎಂಬುದಿಲ್ಲ. ಒಂದು ಪೋರ್ಟಿನಿಂದ ಬಂದದ್ದನ್ನು ಉಳಿದೆಲ್ಲ ಪೋರ್ಟುಗಳಿಗೂ ಒದರುತ್ತದೆ. ಹಿಂದೆ ವಠಾರಕ್ಕೆಲ್ಲ ಒಂದೇ ಫೋನಿದ್ದಾಗ ಮಾಲೀಕರ ಹೆಂಡತಿ ಅಂಗಳದಲ್ಲಿ ನಿಂತು, “ಸರೋಜಾ, ಗಂಡಿನ ಕಡೆಯವರು ಒಪ್ಪಿದರಂತೆ ಕಣೇ!” ಎಂದು ಕೂಗುತ್ತಿದ್ದರಲ್ಲ, ಹಾಗೆ. ಯಂತ್ರಗಳು ವಠಾರದವರಿಗಿಂತ ಮಾನವಂತವು, ತಮ್ಮ ವಿಳಾಸವಿಲ್ಲದ ಮಾತನ್ನು ಅಲ್ಲೇ ಬಿಟ್ಟುಬಿಡುತ್ತವೆ. ಕದ್ದು ಕೇಳಲೇಬೇಕೆಂದು ಕೂತ ಕಂಪ್ಯೂಟರನ್ನು ಮಾತ್ರ ಹಬ್ ತಡೆಯಲಾರದು.

ಇಬ್ಬರು ಒಟ್ಟಿಗೆ ಬಾಯಿ ಬಿಟ್ಟರೆ ಎರಡು ಮಾತೂ ಕಲಸುಮೇಲೋಗರ. ಆಗ ಇಬ್ಬರೂ ತೆಪ್ಪಗಾಗಿ, ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಶುರುಮಾಡಬೇಕು. ಮತ್ತೆ ಡಿಕ್ಕಿಯಾದರೆ ಇನ್ನೂ ಹೆಚ್ಚು ಕಾಯಬೇಕಾಗಬಹುದು. ಹೀಗೆ 16 ಸಲ ಸೋತರೆ ಆ ಮಾತನ್ನೇ ಕೈಬಿಡಬೇಕೆಂಬುದು ಕೇಬಲ್ ಜಾಲಗಳ ‘ಈಥರ್‌ನೆಟ್’ ನಿಯಮ. ಭಾವನಿಗೆ ಈ ನಿಯಮ ಅನ್ವಯಿಸದು. ಹದಿನೇಳನೇ ಸಲವೂ “ಬಿಟ್ಟಿ ಕಣಯ್ಯಾ” ಎಂದರು. ಅವರ ಹಬ್ಬಿನದು 10 ಮೆಗಾಬಿಟ್ ವೇಗ, ಅದನ್ನೂ ಮನೆಯವರೆಲ್ಲ ಹಂಚಿಕೊಳ್ಳಬೇಕು. ತಿಂಗಳಾ ತಿಂಗಳಾ 100 ಮೆಗಾಬಿಟ್ಟಿಗೆ ಬಿಲ್ಲು ಕಟ್ಟುವ ನನಗೆ ಹೊಟ್ಟೆ ಉರಿಯದೆ ಇದ್ದೀತೇ?

ಸ್ವಿಚ್ಚು ಮಾತ್ರ ಬಾಯಿಗಿಂತ ತಲೆಯನ್ನು ನಂಬಿದ್ದು. ಯಾವ ಪೋರ್ಟಿನಿಂದ ಯಾರು ಮಾತಾಡಿದರೆಂದು 48 ಬಿಟ್ಟಿನ ವಿಳಾಸ ಓದಿ ಬರೆದಿಟ್ಟುಕೊಳ್ಳುತ್ತದೆ. ಗುರುತಿಲ್ಲದವರಿಗೆ ಬಂದ ಮಾತನ್ನು ಅದೂ ಹಬ್ಬಿನಂತೆ ಎಲ್ಲರಿಗೂ ಕೂಗುವುದುಂಟು; ಉತ್ತರ ಬಂತೋ, ಮುಂದೆಲ್ಲ ನೇರ ಅವರ ಬಾಗಿಲಿಗೇ. ಸಾಮಾನ್ಯವಾಗಿ ಐದು ನಿಮಿಷ ಸದ್ದಿಲ್ಲದಿದ್ದರೆ ಮರೆತೂಬಿಡುತ್ತದೆ. ಹೇಳುವುದೂ ಕೇಳುವುದೂ ಏಕಕಾಲಕ್ಕೆ ನಡೆಯುವುದರಿಂದ ಡಿಕ್ಕಿಯ ಮಾತೇ ಇಲ್ಲ. ಅಷ್ಟಕ್ಕೂ ರೂಟರಿನ ಹಿಂದಿನ ಆ ನಾಲ್ಕು ಪೋರ್ಟುಗಳೂ ಒಂದು ಪುಟ್ಟ ಸ್ವಿಚ್ಚೇ.

1990ರ ಹೊತ್ತಿಗೆ ಮೊದಲ ಈಥರ್‌ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದದ್ದು ಸಿಲಿಕಾನ್ ಕಣಿವೆಯ ‘ಕಲ್ಪನಾ’ ಎಂಬ ಕಂಪನಿ. ಸ್ಥಾಪಕರಲ್ಲೊಬ್ಬರಾದ ಭಾರತ ಮೂಲದ ವಿನೋದ್ ಭಾರದ್ವಾಜ್ ಅವರ ಹೆಂಡತಿಯ ಹೆಸರು ಅದು. 1994ರಲ್ಲಿ ನೆಟ್‌ವರ್ಕ್ ಸಾಮಗ್ರಿಯ ಸಿಸ್ಕೊ ಆ ಕಂಪನಿಯನ್ನು ಕೊಂಡುಕೊಂಡಿತು. ಭಾವನ ಬಾಯಿ ಮುಚ್ಚಿಸಲೆಂದು ನಾನು ಈ ಕಥೆ ಎತ್ತಿದರೆ, ಅಡುಗೆಮನೆಯಿಂದ ನನ್ನವಳ ದನಿ ಬಂತು: “ಅವರು ಹೆಂಡತಿ ಹೆಸರಲ್ಲಿ ಕಂಪನಿ ಕಟ್ಟಿದರಂತೆ. ನೀವು ಒಂದು ಗ್ಯಾಸ್ ಕನೆಕ್ಷನ್ನಾದರೂ ನನ್ನ ಹೆಸರಿಗೆ ಮಾಡಿಸಿದ್ದೀರೇನ್ರೀ?”

ಮಾರನೆಯ ದಿನವೇ ಎಸ್.ಪಿ. ರಸ್ತೆಗೆ ಹೋಗಿ ಎಂಟು ಪೋರ್ಟಿನ ಸ್ವಿಚ್ಚು ತಂದೆ. ನೀವೂ ಕೊಳ್ಳುವುದಾದರೆ ಡಬ್ಬದ ಮೇಲೆ ‘ಗಿಗಾಬಿಟ್’ ಎಂದಿದೆಯೇ ನೋಡಿಕೊಳ್ಳಿ. ಯಾರಾದರೂ ಹಳೇ ಹಬ್ ಕೊಡಲು ಬಂದರೆ ಬೇಡವೆನ್ನಿ. ಕೊಡುವವರು ಅಕ್ಕನ ಗಂಡನೇ ಆಗಿದ್ದರೆ ಕೈಮುಗಿದು ಇಸಿದುಕೊಳ್ಳಿ, ಅಟ್ಟದ ಮೇಲಿಡಿ, ಕೇಬಲ್ ಮಾತ್ರ ಚುಚ್ಚಬೇಡಿ.